ವರ್ಷದ ಮೊದಲ ಮೀನು

ಮೀನು ಈಜಿಕೊಂಡು ಹೋಗಲು ಒಪ್ಪಲಿಲ್ಲ. ಯೂವನ್ ಗೆಡ್ಡಿಸ್‌ನ ಅಂದಿನ ತಾಪತ್ರಯಗಳಿಗೆಲ್ಲ ಮೂಲ ಇಷ್ಟೇ.

ಮಾರ್ಚ್ ತಿಂಗಳ ಕೊನೆಯ ಶುಕ್ರವಾರ, ಬೆಳಗಿನ ಎಂಟು ಗಂಟೆ. ಕ್ರಾಸ್ಕಿ ಹೊಳೆಯ ಪಾದ್ರಿ ಮಡುವಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು, ಹತ್ತು ಪೌಂಡಿನ ಸಾಲ್ಮನ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೂತಿಯನ್ನು ಹರಿವಿಗೆ ಎದುರಾಗಿ ತಿರುಗಿಸಿಕೊಂಡು ಯೂವನ್ ಇಪ್ಪತ್ತು ನಿಮಿಷದಿಂದ ಕಾಯುತ್ತಿದ್ದ. ಹಾಗೆ ಹಿಡಿದರೆ ಕಿವಿರುಗಳಲ್ಲಿ ನೀರು ಹಾದು ಮೀನಿಗೆ ಉಸಿರು ಮರಳುತ್ತದೆ. ಬಾಲ ಒದರಿ ಅದು ತನ್ನ ದಾರಿ ಹಿಡಿಯುತ್ತದೆ. ಕಳೆದ ಆರು ವರ್ಷಗಳಲ್ಲಿ ಅವನು ಹಿಡಿದ ಹನ್ನೊಂದು ಮೀನುಗಳೂ ಹಾಗೆಯೇ ಹೋಗಿದ್ದವು. ಇದಕ್ಕೆ ಮಾತ್ರ ಗಾಳದ ಮುಳ್ಳು ಕಿವಿರಿಗೇ ಚುಚ್ಚಿತ್ತು. ಅವನ ಬೆರಳುಗಳ ಸುತ್ತ ನೀರು ಸ್ವಲ್ಪ ಹೊತ್ತು ಕೆಂಪಾಗಿ ಹರಿಯಿತು, ಆಮೇಲೆ ತಿಳಿಯಾಯಿತು. ಮೀನು ಸತ್ತು ಆಗಲೇ ಹತ್ತು ನಿಮಿಷವಾಗಿದೆ ಎಂಬುದು ಅವನಿಗೆ ಕೈ ಮರಗಟ್ಟಿದ ಮೇಲೆ ತಿಳಿಯಿತು.

“ತಪ್ಪಾಯ್ತು ಕಣೋ,” ಎಂದ ಯೂವನ್. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಸತ್ತ ಮೀನನ್ನು ಏನು ಮಾಡಬೇಕೆಂಬ ಬಗ್ಗೆ ಇನ್ವರ್‌ಕ್ರಾಸ್ಕಿ ಗಾಳದವರ ಸಂಘದ ನಿಯಮ ಸ್ಪಷ್ಟವಾಗಿಯೇ ಇತ್ತು. ದಡದ ಮೇಲಿನ ಮರದ ಗುಡಿಸಲಿನ ಗೋಡೆಗೆ ಅದನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಹಿಡಿದ ಮೀನನ್ನು ಹೊಳೆಗೇ ಬಿಡಬೇಕು. ಸತ್ತಿದ್ದರೂ ಹೊಳೆಗೇ ಹಾಕಬೇಕು. ಮನೆಗೆ ಒಯ್ದವನಿಗೆ ಒಂದು ವರ್ಷ ಹೊಳೆ ಬಂದ್. ಎರಡನೇ ಸಲ ಒಯ್ದರೆ ಬದುಕಿರುವವರೆಗೂ ಬಂದ್. ಇಷ್ಟನ್ನೂ ದುಂಡಗಿನ ಅಕ್ಷರದಲ್ಲಿ ಬರೆದವನು ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಯೂವನ್ ಗೆಡ್ಡಿಸ್.

ಅವನು ಅದನ್ನು ತೋರಿಕೆಗೆ ಬರೆದಿರಲಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿ, ಮದುವೆಯನ್ನೂ ಮಾಡಿಕೊಳ್ಳದೆ, ಉಳಿದ ಹೊತ್ತನ್ನೆಲ್ಲ ಹೊಳೆಯ ಪಕ್ಕದಲ್ಲಿ ಕಳೆದ ಮನುಷ್ಯ ಅವನು. ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದನ್ನು ಕಣ್ಣಾರೆ ಕಂಡಿದ್ದ. ಹಿಂದೆ ಒಂದು ಬೇಸಿಗೆಯಲ್ಲಿ ಮುನ್ನೂರು ಸಿಗುತ್ತಿದ್ದ ನಮ್ಮ ಹೊಳೆಯಲ್ಲಿ ಕಳೆದ ವರ್ಷ ಎಲ್ಲರಿಗೂ ಸೇರಿ ಸಿಕ್ಕಿದ್ದು ಇಪ್ಪತ್ತೇಳು. ಸಾಲ್ಮನ್ ಬಿಡದಿದ್ದರೆ ನಾಳೆ ಹಿಡಿಯಲೂ ಇರುವುದಿಲ್ಲ ಎಂದು ಸಭೆಯಲ್ಲಿ ನಿಂತು ಹೇಳಿದವನು ಅವನೇ. ಅರ್ಧ ಊರು ಅವನನ್ನು ಬೈಯಿತು, ಆಮೇಲೆ ಒಪ್ಪಿಕೊಂಡಿತು.

ಹೀಗಾಗಿ ಯೂವನ್ ಆ ಮೀನನ್ನು ನೀರಿಗೆ ಬಿಟ್ಟು ಮನೆಗೆ ಹೋಗಬೇಕಾಗಿತ್ತು. ನೀರುನಾಯಿಗೋ ಕಡಲಕಾಗೆಗೋ ಅದು ಸಲ್ಲುತ್ತಿತ್ತು, ಈ ಕತೆಯೂ ಇರುತ್ತಿರಲಿಲ್ಲ. ಆದರೆ ಕೈ ಸಡಿಲಿಸುವ ಹೊತ್ತಿಗೆ ಅವನಿಗೆ ಲಾಕ್ಲನ್ ಮಕ್‌ರೇ ನೆನಪಾದರು.

ಲಾಕ್ಲನ್‌ಗೆ ತೊಂಬತ್ತೆರಡು. ಎಸ್ಟೇಟಿನ ದೊರೆಗಳಿಗೆ ಮೀನು ಎಲ್ಲಿ ಮಲಗಿದೆ ಎಂದು ತೋರಿಸಿ, ಗಾಳ ಕಟ್ಟಿಕೊಟ್ಟು, ಸಿಕ್ಕ ಮೀನನ್ನು ದಡಕ್ಕೆ ಎಳೆಯುವ ಕೆಲಸದಲ್ಲಿ ಅವರು ಅರುವತ್ತು ವರ್ಷ ಕಳೆದಿದ್ದರು. ಯೂವನ್‌ಗೆ ಗಾಳ ಬೀಸಲು ಕಲಿಸಿದ್ದೂ ಅವರೇ. ನಮ್ಮ ಹೊಳೆಯಲ್ಲಿ ಹಿಂದಿನಿಂದ ಒಂದು ಪದ್ಧತಿಯಿತ್ತು. ವರ್ಷದ ಮೊದಲ ಮೀನು ಹಾಗೆ ಕೆಲಸ ಮಾಡಿದವರಲ್ಲಿ ಎಲ್ಲರಿಗಿಂತ ಹಿರಿಯರ ಮನೆಗೆ ಹೋಗಬೇಕು. ಅವರು ಬೇಯಿಸಿದ ಆಲೂಗಡ್ಡೆಯ ಜೊತೆ ಮೊದಲ ತುತ್ತು ತಿಂದು, “ಹೊಳೆ ಚೆನ್ನಾಗಿದೆ” ಎನ್ನಬೇಕು. ಅಲ್ಲಿಯವರೆಗೆ ಯಾರೂ ಮಾತಾಡಬಾರದು. ಅವರು ಅಂದ ಮೇಲೆ ವಿಸ್ಕಿ. ಹಾಗನ್ನುವ ಹಕ್ಕು ಇಪ್ಪತ್ತು ವರ್ಷದಿಂದ ಲಾಕ್ಲನ್ನರದಾಗಿತ್ತು.

ಮೀನು ಬಿಡುವ ನಿಯಮ ಬಂದ ದಿನ ಈ ಪದ್ಧತಿಯೂ ರದ್ದಾಯಿತು. ಅದನ್ನು ಲಾಕ್ಲನ್ನರಿಗೆ ತಿಳಿಸಬೇಕಾಗಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಬಂದಾಗ ಸಭೆಯಲ್ಲಿದ್ದವರೆಲ್ಲ ಕಾರ್ಯದರ್ಶಿಯ ಮುಖ ನೋಡಿದರು. ಯೂವನ್ ಹೋದ. ಲಾಕ್ಲನ್ ಕುತ್ತಿಗೆಗೆ ಬಿಳಿ ಬಟ್ಟೆ ಸಿಕ್ಕಿಸಿಕೊಂಡು, ಖಾಲಿ ತಟ್ಟೆಯ ಮುಂದೆ ಕೂತಿದ್ದರು. “ಮೊದಲ್ನೇದು ಸಿಕ್ತಾ ಹುಡುಗಾ?” ಎಂದು ಕೇಳಿದರು. ಅರುವತ್ತು ವರ್ಷದ ಹುಡುಗ ಬಾಯಿ ತೆರೆದ. ಬಂದದ್ದು ಬೇರೆಯೇ ಮಾತು: “ಎಲ್ಲಾ ಮೀನೂ ಬಿಡ್ಬೇಕು ಅಂತಾಗಿದೆ ಲಾಕ್ಲನ್. ನಿಮ್ಮ ಮೀನೊಂದಕ್ಕೆ ಮಾತ್ರ ವಿನಾಯ್ತಿ.”

ಮರುದಿನ ಅವನು ಮೂವತ್ತು ಮೈಲಿ ದೂರದ ಪಟ್ಟಣಕ್ಕೆ ಹೋಗಿ, ಕಡಲಲ್ಲಿ ಬಲೆಗೂಡು ಕಟ್ಟಿ, ಮೇವು ಹಾಕಿ ಕೊಬ್ಬಿಸಿ ಸಾಕಿದ ಸಾಲ್ಮನ್ ಒಂದನ್ನು ದೊಡ್ಡ ಅಂಗಡಿಯಿಂದ ತಂದ. ಲಾಕ್ಲನ್ ತಿಂದು, ಕಣ್ಣು ಮುಚ್ಚಿ, “ಹೊಳೆ ಚೆನ್ನಾಗಿದೆ” ಅಂದರು. ಗುಟ್ಟು ಗೊತ್ತಿದ್ದವಳು ಅವರನ್ನು ತನ್ನ ಮನೆಯಲ್ಲಿಟ್ಟುಕೊಂಡು ಅಡುಗೆ ಮಾಡಿಹಾಕುತ್ತಿದ್ದ ಅಕ್ಕನ ಮಗಳು ಐಲ್ಸಾ ಒಬ್ಬಳೇ. ಆರು ವರ್ಷ ಹೀಗೇ ನಡೆಯಿತು. ಏಳನೆಯದನ್ನು ತರಲು ಯೂವನ್ ನಾಳೆ, ಶನಿವಾರ, ಪಟ್ಟಣಕ್ಕೆ ಹೋಗುವವನಿದ್ದ.

ಈಗ ಕೈಯಲ್ಲಿ ನಿಜವಾದ ಮೀನಿತ್ತು. ಸತ್ತದ್ದು. ಬಿಟ್ಟರೂ ಹೊಳೆಗೆ ಉಪಯೋಗವಿಲ್ಲದ್ದು. ಮುದುಕರ ಹೃದಯ ಇನ್ನೊಂದು ಚಳಿಗಾಲ ತಡೆಯಲಾರದು ಎಂದು ಆಸ್ಪತ್ರೆಯವರು ಹೋದ ವಾರವಷ್ಟೇ ಹೇಳಿದ್ದರು. ಯೂವನ್ ಅತ್ತ ಇತ್ತ ನೋಡಿದ. ಎದೆಯವರೆಗೆ ಬರುವ ತನ್ನ ರಬ್ಬರ್ ಉಡುಪಿನ ಪಟ್ಟಿ ಸಡಿಲಿಸಿ, ಮೀನನ್ನು ತಲೆಕೆಳಗಾಗಿ ಒಳಗೆ ಇಳಿಬಿಟ್ಟು, ಮೇಲೆ ಕೋಟಿನ ಗುಂಡಿ ಹಾಕಿಕೊಂಡ. ಹೊಟ್ಟೆಗೆ ಮಂಜುಗಡ್ಡೆ ಕಟ್ಟಿಕೊಂಡಂತಾಯಿತು.

ದಡ ಹತ್ತಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಗುಡಿಸಲಿನ ಮುಂದೆ ಫರ್ಗಸ್ ಹಾಲ್ಡೇನ್ ನಿಂತಿದ್ದರು.

ಹಾಲ್ಡೇನ್ ಸಂಘದ ಅಧ್ಯಕ್ಷರು. ಎಡಿನ್‌ಬರೊದಲ್ಲಿ ಮೂವತ್ತು ವರ್ಷ ಜನರ ಹಲ್ಲು ಕಿತ್ತು, ನಿವೃತ್ತರಾಗಿ ನಮ್ಮೂರಿಗೆ ಬಂದವರು. ಹೊಳೆಯನ್ನು ಇಲ್ಲೇ ಹುಟ್ಟಿದವರಿಗಿಂತ ಹೆಚ್ಚು ಪ್ರೀತಿಸುತ್ತಿದ್ದರು. ದಿನಾ ಬೆಳಗ್ಗೆ ಬಂದು ನೀರಿಗೆ ಥರ್ಮಾಮೀಟರ್ ಇಟ್ಟು ಅದರ ಜ್ವರ ನೋಡಿ ಬರೆದಿಟ್ಟುಕೊಳ್ಳುತ್ತಿದ್ದರು.

“ಕೂತ್ಕೊಳ್ಳಿ ಯೂವನ್,” ಎಂದು ಬೆಂಚಿನ ಮೇಲೆ ಜಾಗ ಮಾಡಿದರು.

“ಬೇಡ ಡಾಕ್ಟ್ರೇ. ನಿಂತೇ ಇರ್ತೀನಿ.”

“ಯಾಕೆ, ಬೆನ್ನಾ?”

“ಬೆನ್ನೇ.”

“ಎಲ್ಲಿ ಹಿಡ್ಕೊಂಡಿದೆ?”

“ಮುಂದ್ಗಡೆ,” ಎಂದ ಯೂವನ್. ಆಮೇಲೆ ಸೇರಿಸಿದ, “ಹಿಂದಿಂದ ಶುರುವಾಗಿ ಮುಂದಕ್ಕೆ ಬಂದಿದೆ.”

ಹಾಲ್ಡೇನ್ ಗಂಭೀರವಾಗಿ ತಲೆದೂಗಿದರು. ಬೆನ್ನುನೋವು ಅವರ ವಿದ್ಯೆಗೆ ಸೇರಿದ್ದಲ್ಲ, ಆದರೂ ಡಾಕ್ಟರು ಡಾಕ್ಟರೇ. “ನನ್ನ ಹತ್ರ ಒಳ್ಳೇ ಮಾತ್ರೆ ಇದೆ, ಆಮೇಲೆ ತಂದ್ಕೊಡ್ತೀನಿ. ಏನಾದ್ರೂ ಸಿಕ್ತಾ?”

“ಇಲ್ಲ.”

ಮೂವತ್ತನಾಲ್ಕು ವರ್ಷದಲ್ಲಿ ಬಸ್ಸು ಎರಡು ನಿಮಿಷ ತಡವಾದರೂ ಕಾರಣ ಬರೆದಿಡುತ್ತಿದ್ದ ಮನುಷ್ಯ ಅದನ್ನು ಹೇಳಿ ಹೊಳೆಯ ಕಡೆ ಮುಖ ತಿರುಗಿಸಿದ.

“ಹಾಗಿದ್ರೆ ಪುಸ್ತಕದಲ್ಲಿ ಬರ್ದ್ಬಿಡಿ,” ಎಂದರು ಹಾಲ್ಡೇನ್.

ಪುಸ್ತಕ ಗುಡಿಸಲಿನ ಮೇಜಿನ ಮೇಲಿತ್ತು. ಬರೆಯಲು ಬಗ್ಗಿದೊಡನೆ ಮೀನಿನ ಬಾಲ ಕೋಟಿನ ಕಾಲರಿನಿಂದ ಮೇಲೆದ್ದು ಯೂವನ್‌ನ ಗದ್ದಕ್ಕೆ ಬಡಿಯಿತು. ಅವನು ಸರಕ್ಕನೆ ನೆಟ್ಟಗಾದ. ಪುಸ್ತಕವನ್ನು ಎತ್ತಿ, ತನ್ನದೇ ನಿಯಮಗಳ ಚೌಕಟ್ಟಿನ ಪಕ್ಕದಲ್ಲಿ ಗೋಡೆಗೆ ಒತ್ತಿ ಹಿಡಿದು, ದುಂಡಗಿನ ಅಕ್ಷರದಲ್ಲಿ ‘ಸೊನ್ನೆ’ ಎಂದು ಬರೆದ. ಹೊರಗಿನಿಂದ ಹಾಲ್ಡೇನ್ ಮಾತಾಡುತ್ತಲೇ ಇದ್ದರು.

“ಹೋದ ವಾರ ಮೊಮ್ಮಗಳು ಕೇಳಿದ್ಲು. ತಾತ, ಹೊಳೇ ಸಾಲ್ಮನ್ ತಿನ್ನೋಕೆ ಹೇಗಿರತ್ತೆ ಅಂತ. ಒಂಬತ್ತು ಹಿಡ್ದಿದೀನಿ ಮಗೂ, ಒಂದನ್ನೂ ತಿಂದಿಲ್ಲ ಅಂದೆ. ಅದನ್ನ ಹೇಳೋವಾಗ ಎಷ್ಟು ಹೆಮ್ಮೆ ಆಯ್ತು ಗೊತ್ತಾ ನಂಗೆ. ಅದಕ್ಕೆಲ್ಲ ನೀವೇ ಕಾರಣ ಯೂವನ್.”

ಯೂವನ್‌ಗೆ ಆ ಕ್ಷಣ ಭೂಮಿ ಬಾಯಿ ತೆರೆದಿದ್ದರೆ ಸಾಕಾಗಿತ್ತು. ನೆಟ್ಟಗೆ, ಮೆರವಣಿಗೆಯಲ್ಲಿ ಹೋಗುವವನಂತೆ ಎದೆಯುಬ್ಬಿಸಿಕೊಂಡು ಅವನು ಕಾರಿನ ಕಡೆ ನಡೆದ.

ಗಾಳ ಹಾಕುವವನು ಯಾರೇ ಆಗಲಿ, ಕಾರು ಹತ್ತುವ ಮೊದಲು ಆ ರಬ್ಬರ್ ಉಡುಪನ್ನು ಬಿಚ್ಚಿ ಹಿಂದೆ ಎಸೆಯುತ್ತಾನೆ. ಅದನ್ನು ತೊಟ್ಟುಕೊಂಡು ಕಾರು ಓಡಿಸುವುದೆಂದರೆ ಹಾಸಿಗೆ ಸುತ್ತಿಕೊಂಡು ಓಡಿಸಿದಂತೆ. ನಮ್ಮೂರಲ್ಲಿ ಇದು ಹುಟ್ಟಿದ ಮಗುವಿಗೂ ಗೊತ್ತು. ಯೂವನ್‌ಗೆ ಬಿಚ್ಚುವ ಹಾಗಿರಲಿಲ್ಲ. ಉಟ್ಟುಕೊಂಡೇ ಸ್ಟೀರಿಂಗಿನ ಹಿಂದೆ ತೂರಿಕೊಂಡ. ಸೇತುವೆಯ ಹತ್ತಿರ ಬೆಥಿಯಾ ಟಲ್ಲಕ್ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದಳು.

ಬೆಥಿಯಾ ಐಲ್ಸಾಳ ಪಕ್ಕದ ಮನೆಯವಳು, ಗಂಡ ತೀರಿಕೊಂಡ ಮೇಲೆ ಊರಿನ ಕ್ಷೇಮಸಮಾಚಾರವನ್ನೇ ಕೆಲಸ ಮಾಡಿಕೊಂಡವಳು. ಕಂಕುಳಲ್ಲಿ ಟಿಂಕರ್ ಎಂಬ ಗಿಡ್ಡ ನಾಯಿ. ಕೇಳದೆ ಬಾಗಿಲು ತೆಗೆದು ಕೂತಳು.

“ಐಲ್ಸಾ ಮನೆ ಕಡೆಗೆ ತಾನೇ? ಒಳ್ಳೇದಾಯ್ತು. ಏನ್ ಯೂವನ್, ಹೀಗೇ ಬಂದ್ಬಿಟ್ಟಿದೀಯ?”

“ಹೇಗೆ?”

“ಹೊಳೇಲಿ ನಿಂತ ಹಾಗೇ.”

“ಚಳಿ.”

“ಮೈ ಒದ್ದೆ ಇದ್ರೆ ಚಳಿ ಜಾಸ್ತಿ ಆಗತ್ತಲ್ವಾ?”

ಯೂವನ್ ಗೇರು ಬದಲಿಸಿದ. ಟಿಂಕರ್ ಮಾತ್ರ ವಿಷಯವನ್ನು ಬೇಗ ಅರ್ಥಮಾಡಿಕೊಂಡಿತು. ಬೆಥಿಯಾಳ ತೊಡೆಯಿಂದ ಇಳಿದು ಬಂದು ಯೂವನ್‌ನ ಹೊಟ್ಟೆಗೆ ಮೂಗು ಒತ್ತಿ, ಕಣ್ಣು ಅರ್ಧ ಮುಚ್ಚಿ, ಭಕ್ತಿಯಿಂದ ನಡುಗತೊಡಗಿತು.

“ನೋಡು, ಯಾರ ಹತ್ರಾನೂ ಹೋಗಲ್ಲ ಅದು. ನಮ್ಮೋರು ಹೋಗೋಕೆ ಎರಡು ದಿನ ಮುಂಚೆ ಅವರ ಹೊಟ್ಟೆ ಮೇಲೂ ಹೀಗೇ ಮೂಗಿಟ್ಟಿತ್ತು,” ಎಂದಳು ಬೆಥಿಯಾ. ಅವಳ ಧ್ವನಿ ಮೆತ್ತಗಾಯಿತು. “ಯೂವನ್, ನಿನ್ನ ಹೊಟ್ಟೆ ಉಬ್ಬಿದೆ. ಮುಖ ಬಿಳ್ಚ್ಕೊಂಡಿದೆ. ಡಾಕ್ಟರಿಗೆ ತೋರಿಸಿದ್ಯಾ?”

“ಹಾಲ್ಡೇನ್ ಡಾಕ್ಟ್ರಿಗೆ ಗೊತ್ತು. ಬೆನ್ನು.”

“ಹೊಟ್ಟೆ ಉಬ್ಬಿದ್ರೆ ಬೆನ್ನು ಅಂತಾರಾ? ಅವ್ರು ಹಲ್ಲಿನ ಡಾಕ್ಟ್ರು.”

ಕಾರು ನಿಂತೊಡನೆ ಅವಳು ಟಿಂಕರನ್ನು ಎಳೆದುಕೊಂಡು ನೇರ ತನ್ನ ಮನೆಯ ಫೋನಿಗೆ ಹೋದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮೂರಲ್ಲಿ ಬಹಳ. ಅರ್ಧ ಗಂಟೆಯಲ್ಲಿ ಯೂವನ್‌ಗೆ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿದೆ ಎಂಬ ಸುದ್ದಿ ಮೇಲಿನ ಬೀದಿ ಮುಟ್ಟಿತು.

ಯೂವನ್ ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದ. ಐಲ್ಸಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

“ನಾಳೆ ಅಂದಿದ್ದೆಯಲ್ಲ,” ಎಂದಳು.

ಅವನು ಗುಂಡಿ ಬಿಚ್ಚಿ, ಮೀನನ್ನು ಹೊರಕ್ಕೆಳೆದು ಮೇಜಿನ ಮೇಲೆ ಮಲಗಿಸಿದ. ಐಲ್ಸಾ ಚಾಕು ಕೆಳಗಿಟ್ಟಳು. ಆರು ವರ್ಷದಿಂದ ಅವಳು ಕಂಡದ್ದು ಬಗೆದು ತೊಳೆದ, ಪ್ಲಾಸ್ಟಿಕ್ ಹೊದ್ದ ಮೀನು. ಇದರ ಮೈ ಹೊಸ ಚಮಚದಂತೆ ಹೊಳೆಯುತ್ತಿತ್ತು. ಬಾಲದ ಬುಡದಲ್ಲಿ ಕಡಲಿನ ಹೇನುಗಳು ಇನ್ನೂ ಅಂಟಿಕೊಂಡಿದ್ದವು. ಕಡಲು ಬಿಟ್ಟು ಹೊಳೆ ಹತ್ತಿ ಎರಡು ದಿನವೂ ಆಗಿಲ್ಲ ಎಂಬುದಕ್ಕೆ ಅದೇ ಗುರುತು.

“ಇದು ಅಂಗಡೀದಲ್ಲ.”

“ಅಲ್ಲ.”

“ತಲೆ ನೆಟ್ಟಗಿದ್ಯಾ ನಿಂಗೆ? ಗೊತ್ತಾದ್ರೆ ಒಂದು ವರ್ಷ ಹೊಳೆ ಮುಟ್ಟೋ ಹಾಗಿಲ್ಲ. ಕಾರ್ಯದರ್ಶಿ ಕೆಲಸಾನೂ ಹೋಗತ್ತೆ.”

“ಗೊತ್ತು. ನಾನೇ ಬರ್ದಿದ್ದಲ್ವಾ.” ಯೂವನ್ ಕುರ್ಚಿಯಲ್ಲಿ ಕೂತ. ಬೆಳಗಿನಿಂದ ಅವನು ಸರಿಯಾಗಿ ಕೂತದ್ದು ಅದೇ ಮೊದಲು. “ಆರು ವರ್ಷ ಅವರ ತಟ್ಟೆಗೆ ಸುಳ್ಳು ಬಡಿಸಿದೀನಿ ಐಲ್ಸಾ. ಒಂದ್ಸಲ ನಿಜ ಬಡಿಸ್ತೀನಿ. ಅವರು ಹೋದ್ಮೇಲೆ ಬಡಿಸೋಕಾಗಲ್ಲ.”

ಐಲ್ಸಾ ಅಂಗಿಯ ತೋಳು ಮಡಿಸಿ, ಕಪಾಟಿನಿಂದ ಉದ್ದನೆಯ ಮೀನಿನ ಪಾತ್ರೆ ಇಳಿಸಿದಳು. ಗುರುತು ಉಳಿಯದಂತೆ ತಲೆ, ಬಾಲ, ಚರ್ಮ ಎಲ್ಲ ಒಲೆಯ ಬೆಂಕಿಗೆ ಹೋದವು. ಉಪ್ಪುನೀರು ಕುದಿಯಿತು.

ಒಳಗಿನ ಕೋಣೆಯಿಂದ ಕೋಲು ನೆಲಕ್ಕೆ ಬಡಿದ ಸದ್ದು ಬಂತು. “ಯಾರದು? ಹುಡುಗಾನಾ?”

ಯೂವನ್ ಹೋಗಿ ಪಕ್ಕದಲ್ಲಿ ನಿಂತ. ಲಾಕ್ಲನ್ ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದರು. ಕಣ್ಣು ಮಂಜಾಗಿದ್ದವು, ಹಲ್ಲಿನ ಸೆಟ್ಟು ಲೋಟದಲ್ಲಿತ್ತು. ಅದನ್ನು ಹಾಕಿಕೊಂಡು ಮಾತಿಗೆ ಸಿದ್ಧರಾದರು.

“ಇನ್ನೂ ಬಿಡ್ತಾನೇ ಇದೀರಾ ಎಲ್ಲಾನೂ?”

“ಬಿಡ್ತಿದೀವಿ ಲಾಕ್ಲನ್.”

“ತಿನ್ನೋಕಲ್ಲದಿದ್ರೆ ಅದಕ್ಕೆ ಯಾಕ್ರಯ್ಯಾ ತೊಂದ್ರೆ ಕೊಡ್ತೀರಿ? ಬಾಯಿಗೆ ಮುಳ್ಳು ಚುಚ್ಚಿ, ಅರ್ಧ ಗಂಟೆ ಎಳೆದಾಡಿ, ಫೋಟೋ ತೆಗ್ಸ್ಕೊಂಡು, ಹೋಗಿಬಾ ಅನ್ನೋದು. ಹಸ್ದು ಕೊಂದ್ರೆ ಅದಕ್ಕೊಂದು ಮರ್ಯಾದೆ. ಇದೇನು ಮರ್ಯಾದೆ?”

“ಮೀನೇ ಇಲ್ವಲ್ಲ.”

“ಇಲ್ದೇ ಏನು? ನನ್ನ ಕಾಲ್ದಲ್ಲಿ ಒಂದೇ ಮಧ್ಯಾಹ್ನ ನಲವತ್ತು ಮೀನನ್ನ ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ್ವಿ.”

ಅದಕ್ಕೇ ಈಗ ಇಲ್ಲ ಎಂಬ ಮಾತು ಯೂವನ್‌ನ ನಾಲಿಗೆಯವರೆಗೆ ಬಂತು. ಅವನು ಅದನ್ನು ನುಂಗಿಕೊಂಡ. ಮುದುಕರು ಹೇಳಿದ್ದರಲ್ಲೂ ಅರ್ಧ ನಿಜವಿತ್ತು. ಬೆಳಗ್ಗೆ ನೀರು ಕೆಂಪಾದದ್ದನ್ನು ನೋಡಿದ ಮೇಲೆ ಆ ಅರ್ಧ ಸ್ವಲ್ಪ ದೊಡ್ಡದಾಗಿಯೇ ಕಾಣುತ್ತಿತ್ತು. ಅವನು ಕಂಬಳಿ ಸರಿಮಾಡಿದ.

“ಇವತ್ತು ನಿಮ್ಮ ಮೀನು ತಂದಿದೀನಿ,” ಎಂದ.

“ಹೊಳೇದು ತಾನೇ?”

“ಹೊಳೇದು,” ಎಂದ ಯೂವನ್. ಆರು ವರ್ಷದ ಬಳಿಕ ಆ ಮಾತನ್ನು ಅವನು ಮುದುಕರ ಕಣ್ಣಿಗೆ ಕಣ್ಣು ಕೊಟ್ಟು ಹೇಳಿದ. ಅವನ ಎದೆ ಹಗುರಾಯಿತು.

ಅವನು ಅಡುಗೆಮನೆಗೆ ಮರಳುವ ಹೊತ್ತಿಗೆ ಮುಂಬಾಗಿಲು ತಟ್ಟಿದ ಸದ್ದಾಯಿತು. ಬೆಥಿಯಾ, ಟಿಂಕರ್, ಅವರ ಹಿಂದೆ ಮಾತ್ರೆಯ ಡಬ್ಬಿ ಹಿಡಿದ ಹಾಲ್ಡೇನ್. ಗೆಡ್ಡೆಯ ಸುದ್ದಿ ಅವರನ್ನೂ ಮುಟ್ಟಿತ್ತು. ಅವರು ಅಡುಗೆಮನೆಗೆ ಬಂದು, ಯೂವನ್‌ನ ಚಪ್ಪಟೆಯಾದ ಹೊಟ್ಟೆ ನೋಡಿದರು. ಒಲೆಯ ಮೇಲಿನ ಉದ್ದ ಪಾತ್ರೆ ನೋಡಿದರು. ಗಾಳಿ ಮೂಸಿದರು.

“ಏನೋ ಬೇಯ್ತಿದೆ,” ಎಂದರು.

“ಆಲೂಗಡ್ಡೆ,” ಎಂದಳು ಐಲ್ಸಾ.

“ಇಷ್ಟುದ್ದದ್ದಾ?” ಎಂದು ಬೆಥಿಯಾ ಕೇಳಿದಳು.

ಟಿಂಕರ್ ಒಲೆಯ ಮುಂದೆ ಕೂತು ಮುಂಗಾಲು ಎತ್ತಿತು.

ಹಾಲ್ಡೇನರ ಧ್ವನಿ ತಗ್ಗಿತು. “ಯೂವನ್, ಬೆಳಗ್ಗೆ ನಿಮ್ಮ ಕುತ್ತಿಗೇಲಿ ಏನೋ ಹೊಳೀತಿತ್ತು. ಮೀನಿನ ಹುರುಪೆ ಇರ್ಬೋದಾ ಅಂತ ಆಮೇಲೆ ಅನ್ನಿಸ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯೂವನ್‌ನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಹುರುಪೆ ಅಲ್ಲೇ ಇತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟ.

“ಊಟ ಆಗ್ಲಿ ಡಾಕ್ಟ್ರೇ,” ಎಂದ ಯೂವನ್. “ಅವರು ಒಂದು ತುತ್ತು ತಿನ್ಲಿ. ಆಮೇಲೆ ನೀವು ಏನು ಬರೆದ್ಕೊಟ್ರೂ ಸಹಿ ಹಾಕ್ತೀನಿ.”

ಹಾಲ್ಡೇನರ ಮುಖ ಬಾಡಿತು. ಸಿಟ್ಟು ಬಂದಿದ್ದರೆ ನೋಡುವವರಿಗೆ ಸುಲಭವಾಗುತ್ತಿತ್ತು. ಅವರಿಗೆ ನಿಜವಾಗಿ ದುಃಖವಾಗಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಒಂದು ವರ್ಷ,” ಎಂದರು ಮೆಲ್ಲಗೆ. “ನಿಯಮ ನಿಯಮಾನೇ. ಆದ್ರೆ ಒಂದು ವರ್ಷ ಬೇಗ ಹೋಗತ್ತೆ ಯೂವನ್.”

“ಹೋಗತ್ತೆ,” ಎಂದ ಯೂವನ್. ಅವನು ದಾರಿಯಲ್ಲೇ ಅದನ್ನು ಲೆಕ್ಕ ಹಾಕಿ ಒಪ್ಪಿಕೊಂಡಿದ್ದ. ಒಂದು ವರ್ಷಕ್ಕೆ ಒಂದು ತುತ್ತು. ದುಬಾರಿ ಎನ್ನಿಸಿರಲಿಲ್ಲ.

ಎಲ್ಲರೂ ಒಳಗಿನ ಕೋಣೆಗೆ ಹೋದರು. ಹಳೆಯ ದಿನಗಳಂತೆ ಮೂವರು ಗೋಡೆಗೊರಗಿ ಬಾಯಿ ಮುಚ್ಚಿಕೊಂಡು ನಿಂತರು. ಬೆಥಿಯಾ ಕೂಡ ಸುಮ್ಮನಿದ್ದಳು. ಐಲ್ಸಾ ತಟ್ಟೆ ಇಟ್ಟಳು. ಲಾಕ್ಲನ್ ಕುತ್ತಿಗೆಗೆ ಬಟ್ಟೆ ಸಿಕ್ಕಿಸಿಕೊಂಡು, ಮುಳ್ಳುಚಮಚದಿಂದ ಒಂದು ತುಂಡು ಬಿಡಿಸಿ ಬಾಯಿಗಿಟ್ಟರು. ಜಗಿದರು. ನಿಲ್ಲಿಸಿದರು. ಮತ್ತೆ ಜಗಿದರು. ಯೂವನ್ ಕಾಯುತ್ತಿದ್ದದ್ದು ಎರಡೇ ಪದಗಳಿಗೆ.

ಮುದುಕರು ತುತ್ತು ನುಂಗಿ, ಚಮಚ ಕೆಳಗಿಟ್ಟರು.

“ಇದು ಅಂಗಡಿ ಮೀನು,” ಎಂದರು.

ಐಲ್ಸಾ ಯೂವನ್‌ನ ಕಡೆ ತಿರುಗಿದಳು.

“ಗಟ್ಟಿ. ಜಗೀಬೇಕು. ಕೊಬ್ಬೇ ಇಲ್ಲ. ನಮ್ಮ ಹೊಳೆ ಮೀನಂದ್ರೆ ಬೆಣ್ಣೆ. ಬಾಯಿಗಿಟ್ರೆ ಕರಗಿ ಹೋಗತ್ತೆ.” ತಟ್ಟೆಯನ್ನು ಒಂದು ಗೇಣು ಆಚೆ ತಳ್ಳಿದರು. “ನನ್ನನ್ನ ಏನಂದ್ಕೊಂಡೆ ಹುಡುಗಾ? ಕಣ್ಣು ಹೋಗಿರ್ಬೋದು. ನಾಲಿಗೆ ಹೋಗಿಲ್ಲ.”

ಯೂವನ್‌ಗೆ ಮೊದಲು ಅರ್ಥವೇ ಆಗಲಿಲ್ಲ. “ಇಲ್ಲ ಲಾಕ್ಲನ್,” ಎಂದ. “ಇದು ಪಾದ್ರಿ ಮಡುವಿಂದು. ಬೆಳಗ್ಗೆ ಎಂಟು ಗಂಟೆಗೆ ನಾನೇ ಹಿಡ್ದಿದ್ದು. ಆಣೆ.”

“ಆಣೆ ಬೇರೆ ಇಡ್ತಾನೆ,” ಎಂದರು ಮುದುಕರು ಹಾಲ್ಡೇನರ ಕಡೆ ತಿರುಗಿ.

ಹಾಲ್ಡೇನರ ಮುಖದ ಮೇಲೆ ಜೀವ ಮರಳಿತು. ಈ ನಾಲಿಗೆ ಅರುವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ ಎಂದು ಸಂಘದ ಇತಿಹಾಸದ ಪುಸ್ತಕದಲ್ಲಿ ಬರೆದಿತ್ತು. ಬರೆದವನೂ ಯೂವನ್ನೇ. ಆ ನಾಲಿಗೆಯ ಮುಂದೆ ಒಂದು ಹುರುಪೆಯೂ ಒಂದು ಆಣೆಯೂ ಅವರಿಗೆ ಲೆಕ್ಕಕ್ಕಿರಲಿಲ್ಲ. “ಅಂಗಡೀಂದ ತಂದು ತಿನ್ಸಿದ್ರೆ ಅದು ಅಪರಾಧ ಏನಲ್ಲ,” ಎಂದರು. “ಹಿರಿಯರಿಗೆ ಹಾಗೆ ಹೇಳಿದ್ದು ಸರಿಯಲ್ಲ, ಅಷ್ಟೇ. ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ ಯೂವನ್?”

“ಅಂಗಡೀದೇ ಡಾಕ್ಟ್ರೇ,” ಎಂದಳು ಐಲ್ಸಾ ತಟ್ಟನೆ. ಬೀಸುವ ದೊಣ್ಣೆ ತಪ್ಪಿದರೆ ಸಾಕು ಎಂದು ಅವಳ ಯೋಚನೆ. “ನಾನೇ ಕವರು ಬಿಚ್ಚಿದೆ.”

ಯೂವನ್ ಉಳಿದುಕೊಂಡ. ಒಂದು ವರ್ಷವೂ ಉಳಿಯಿತು. ಆದರೆ ಲಾಕ್ಲನ್ ಮಾತು ಮುಗಿಸಿರಲಿಲ್ಲ. ಕಲಿಸಿದ ಹುಡುಗನನ್ನು ಎಲ್ಲರೆದುರು ಅಷ್ಟು ಗದರಿಸಿದ್ದು ಅವರಿಗೇ ಹೆಚ್ಚಾಯಿತೆನ್ನಿಸಿರಬೇಕು.

“ಒಳ್ಳೇ ಹುಡುಗಾನೇ,” ಎಂದರು ಹಾಲ್ಡೇನರಿಗೆ. “ಇದೇ ಮೊದಲ್ನೇ ಸಲ ಹೀಗೆ ಮಾಡಿದ್ದು. ಹಿಂದಿನ ಆರು ವರ್ಷವೂ ಹೊಳೇದೇ ತಂದಿದಾನೆ. ಒಂದೂ ತಪ್ಸಿಲ್ಲ.”

“ಆರು?” ಎಂದರು ಹಾಲ್ಡೇನ್.

“ಆರು. ಒಂದಕ್ಕಿಂತ ಒಂದು. ನನ್ನ ಆಯುಷ್ಯದಲ್ಲೇ ಅಂಥ ಮೀನು ತಿಂದಿಲ್ಲ.”

ಹಾಲ್ಡೇನ್ ನಿಧಾನವಾಗಿ ಯೂವನ್‌ನ ಕಡೆ ತಿರುಗಿದರು. “ನಿಯಮ ಬಂದ್ಮೇಲೆ?”

“ನಿಯಮ ಬಂದ್ಮೇಲೇ. ನಂಗೆ ವಿನಾಯ್ತಿ ಇದೆಯಲ್ಲ, ನೀವೇ ಕೊಟ್ಟಿದ್ದಂತೆ,” ಎಂದರು ಲಾಕ್ಲನ್ ಸಂತೋಷದಿಂದ.

ಐಲ್ಸಾ ಬಾಯಿ ತೆರೆದಳು.

“ಡಾಕ್ಟ್ರೇ, ಆ ಆರೂ...”

“ಐಲ್ಸಾ,” ಎಂದ ಯೂವನ್, “ಆಲೂಗಡ್ಡೆ ತಣ್ಣಗಾಗ್ತಿದೆ.”

ಅವಳು ಅವನನ್ನು ನೋಡಿದಳು. ಒಂದು ಮಾತು ಸಾಕಾಗಿತ್ತು. ಆ ಆರೂ ಅಂಗಡಿಯವು ಎಂದರೆ ಹೊಳೆ ಅವನಿಗೆ ಉಳಿಯುತ್ತಿತ್ತು. ಮುದುಕರು ಮಾತ್ರ ಆರು ವರ್ಷ ಕಣ್ಣು ಮುಚ್ಚಿ ಪ್ಲಾಸ್ಟಿಕ್ ಹೊದ್ದ ಮೀನು ತಿಂದು ಹೊಳೆಯನ್ನು ಹರಸಿದವರಾಗುತ್ತಿದ್ದರು. ತೊಂಬತ್ತೆರಡರಲ್ಲಿ ಅವರ ಬಳಿ ಉಳಿದದ್ದು ಆ ನಾಲಿಗೆ ಒಂದೇ. ಐಲ್ಸಾ ತುಟಿ ಕಚ್ಚಿ ಅಡುಗೆಮನೆಗೆ ಹೋದಳು.

“ಹೌದಾ ಯೂವನ್?” ಎಂದರು ಹಾಲ್ಡೇನ್.

ಯೂವನ್ ಲಾಕ್ಲನ್ನರ ಮುಖ ನೋಡಿದ. ಅಲ್ಲಿ ಹೆಮ್ಮೆಯಿತ್ತು.

“ಹೌದು,” ಎಂದ.

ಹಾಲ್ಡೇನ್ ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ ಕೈ ಚಾಚಿದರು. ಯೂವನ್ ಜೇಬಿನಿಂದ ಗುಡಿಸಲಿನ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟ. ಎರಡನೇ ಸಲಕ್ಕೇ ಬದುಕಿರುವವರೆಗೂ ಬಂದ್, ಆರನೇ ಸಲಕ್ಕೆ ಏನು ಎಂದು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಬೆಥಿಯಾ ಟಿಂಕರನ್ನು ಎತ್ತಿಕೊಂಡು, ಹೊಟ್ಟೆಯಲ್ಲಿ ಗೆಡ್ಡೆ ಇದ್ದಿದ್ದರೇ ವಾಸಿಯಾಗಿತ್ತು ಎಂದು ಗೊಣಗಿದಳು. ಅದು ಕರುಣೆಯಿಂದ ಬಂದ ಮಾತು.

ತಟ್ಟೆಯಲ್ಲಿ ಮೀನು ಹಾಗೇ ಇತ್ತು. ಊಟದ ಹೊತ್ತು, ಐಲ್ಸಾ ಆಲೂಗಡ್ಡೆ ತಂದಿಟ್ಟಿದ್ದಳು. ಹಾಗೇ ಹೊರಟುಹೋದರೆ ಮರ್ಯಾದೆಯಲ್ಲ ಎಂದು ಹಾಲ್ಡೇನ್ ನಿಂತಲ್ಲೇ ಒಂದು ತುಂಡು ತೆಗೆದು ಬಾಯಿಗಿಟ್ಟರು. ಜಗಿದರು. ಹುಬ್ಬು ಮೇಲೇರಿತು. ಇನ್ನೊಂದು ತುಂಡು ತೆಗೆದುಕೊಂಡರು.

“ಅಂಗಡಿ ಮೀನಿಗೆ ಇದು ತುಂಬಾ ಚೆನ್ನಾಗಿದೆ,” ಎಂದರು. “ಯಾವ ಅಂಗಡಿ ಯೂವನ್? ಮೊಮ್ಮಗಳಿಗೆ ಒಂದು ತಗೊಂಡೋಗ್ಬೇಕು.”

ಯೂವನ್ ಪಟ್ಟಣದ ಅಂಗಡಿಯ ಹೆಸರು ಹೇಳಿದ. ಹಾಲ್ಡೇನ್ ಅದನ್ನು ನೀರಿನ ಜ್ವರ ಬರೆಯುವ ಪುಸ್ತಕದಲ್ಲಿ ಬರೆದುಕೊಂಡು, ಟೋಪಿ ಹಾಕಿಕೊಂಡು ಹೊರಟರು. ಬೆಥಿಯಾ ಹಿಂದೆಯೇ ಹೋದಳು. ಅವಳಿಗೆ ಫೋನಿನ ಕೆಲಸ ಬಹಳವಿತ್ತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಲಾಕ್ಲನ್ ಕೈ ಚಾಚಿ, ತಡವಿ, ಯೂವನ್‌ನ ಮೊಣಕೈ ಹಿಡಿದುಕೊಂಡರು.

“ಬೇಜಾರ್ ಮಾಡ್ಕೊಂಡ್ಯಾ?”

“ಇಲ್ಲ.”

“ಸಿಗದಿದ್ರೆ ಸಿಗಲಿಲ್ಲ ಅಂತ ಹೇಳ್ಬೇಕು. ನನ್ಹತ್ರ ಸುಳ್ಳು ಯಾಕೆ? ಮುಂದಿನ ವರ್ಷ ಬೇಗ ಹೋಗು, ಹೊಳೇದೇ ತಗೊಂಡು ಬಾ. ಯಾವಾಗ್ಲೂ ತರ್ತಿದ್ದೆಯಲ್ಲ, ಅಂಥದ್ದೇ.”

“ತರ್ತೀನಿ,” ಎಂದ ಯೂವನ್. ಆ ಮೀನಿಗೆ ಯಾವ ಸಂಘದ ಅಪ್ಪಣೆಯೂ ಬೇಕಾಗಿರಲಿಲ್ಲ.